ಮೂರು ದಿನದ ಬಾಗಿಲು



ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನು ನೀವು ನೋಡಿರಬಹುದು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಅಸ್ಪೃಶ್ಯರೆನಿಸಿಕೊಂಡವರನ್ನು 'ತಿರುಕುಲದವರು' ಎಂದು ಕರೆದು ದೇವಾಲಯದೊಳಕ್ಕೆ ಬಿಟ್ಟುಕೊಂಡರೆಂಬುದು ಪ್ರಸಿದ್ಧ ಐತಿಹ್ಯ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ. ಆದರೆ ಆ ಪ್ರವೇಶ ನಡೆದುಬಂದದ್ದು ವರ್ಷಕ್ಕೆ ಮೂರೇ ದಿನ. ಮಿಕ್ಕ ದಿನಗಳ ಲೆಕ್ಕ ಕೇಳಿದವರು ಕಡಿಮೆ! ಅದೇ ಗುಡಿಯಲ್ಲಿ ಮುಸಲ್ಮಾನ ರಾಜಕುಮಾರಿಯೆನ್ನಲಾದ ಬೀಬಿ ನಾಚ್ಚಿಯಾರ್‌ಗೂ ಪೂಜೆ ಸಲ್ಲುತ್ತದೆ. ಶ್ರೀರಂಗಪಟ್ಟಣದ ರಂಗನಾಥನಿಗೆ ಟಿಪ್ಪು ಬೆಳ್ಳಿಯ ಪಾತ್ರೆಗಳನ್ನು ಕೊಟ್ಟಿದ್ದ.

ಇಂಥ ಸೀಮೆಯ ನಾಗಮಂಗಲದಲ್ಲಿ 2024ರ ಸೆಪ್ಟೆಂಬರ್ 11ರ ರಾತ್ರಿ ಗಣೇಶನ ಮೆರವಣಿಗೆ ಮಸೀದಿಯ ಬಳಿ ಬಂದಾಗ ಗಲಭೆಯಾಗಿ ಅಂಗಡಿಗಳು ಸುಟ್ಟುಹೋದವು. ಎರಡು ತಿಂಗಳಲ್ಲಿ, ಮಂಡ್ಯದ ಹನಕೆರೆಯಲ್ಲಿ ದಲಿತರು ಪೊಲೀಸರ ರಕ್ಷಣೆಯಲ್ಲಿ ಕಾಲಭೈರವೇಶ್ವರನ ಗುಡಿ ಹೊಕ್ಕರು. ಒಪ್ಪದ ಕೆಲವರು ಉತ್ಸವಮೂರ್ತಿಯನ್ನೇ ಹೊರಕ್ಕೆ ಹೊತ್ತೊಯ್ದರು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ರದ್ದುಗೊಳಿಸಿದ್ದು 1950ರಲ್ಲಿ.

ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆಯ ನಂತರವೂ ದಕ್ಷಿಣದ ಎಷ್ಟೋ ಸಣ್ಣ ಊರುಗಳಲ್ಲಿ ರೈಲು ಹಳಿಯ ಈಚೆ ಬಿಳಿಯರು, ಆಚೆ ಕರಿಯರು. ನಮಗೆ ಹಳಿ ಬೇಕಿಲ್ಲ. ಊರು, ಕೇರಿ ಎಂಬ ಎರಡು ಮಾತು ಸಾಕು. ಕೆ.ಆರ್. ಪೇಟೆಯ ಬಸ್ಸಿನಲ್ಲಿ ಕಾಲೇಜಿಗೆ ಬರುವವರು ಒಂದೇ ಸೀಟಿನಲ್ಲಿ ಕೂರುತ್ತೀರಿ. ಇಳಿದ ಮೇಲೆ ಆ ಗೆಳೆಯ ನಿಮ್ಮ ಮನೆಯಲ್ಲಿ ಎಲ್ಲಿಯವರೆಗೆ ಬಂದಿದ್ದಾನೆ, ಜಗಲಿಯವರೆಗೋ, ಅಡುಗೆಮನೆಯವರೆಗೋ?