ತಂತಿಗೂ ಉಂಟು ಮುಯ್ಯಿ



ನಮ್ಮ ಮಲೆನಾಡು, ಅರೆಮಲೆನಾಡುಗಳ ರೈತರಲ್ಲಿ ಮುಯ್ಯಾಳು ಎಂಬ ಒಂದು ಪದ್ಧತಿ ಉಂಟು. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಯ ನಾಟಿಗೆ ನೀವು ಬನ್ನಿ ಎಂಬ ಒಪ್ಪಂದ ಅದು. ಅಲ್ಲಿ ಹಣದ ಮಾತಿಲ್ಲ, ಕಾಗದ ಪತ್ರವಿಲ್ಲ. ಮಾತಿನ ಮೇಲೆ, ನಂಬಿಕೆಯ ಮೇಲೆ ಕೆಲಸ ಸಾಗುತ್ತದೆ. ನಾಟಿ ಮುಗಿಯುವಷ್ಟರಲ್ಲಿ ಯಾರ ಮನೆಯ ಹಸು ಕರು ಹಾಕಿತು, ಯಾರ ಮಗಳಿಗೆ ಗಂಡು ನೋಡಲು ಬಂದಿದ್ದರು ಎಂಬ ಸುದ್ದಿಯೆಲ್ಲ ಗದ್ದೆಯ ಬದುವಿನ ಮೇಲೇ ವಿನಿಮಯವಾಗಿರುತ್ತದೆ. ಇಂದು ನಾನು ನಿಮಗೆ ಹೇಳಬೇಕೆಂದಿರುವುದು ಬೇರೊಂದು ಬಗೆಯ ಮುಯ್ಯಿಯ ವಿಷಯ. ಅದು ಗಿಟಾರ್ ಮತ್ತು ಬೇಸ್ ಗಿಟಾರ್ ನುಡಿಸುವವರ ನಡುವಿನ ಗೆಳೆತನ.

ಗಿಟಾರ್ ಎಂದೊಡನೆ ಬೆಂಗಳೂರಿನ ಕಾಲೇಜುಗಳನ್ನೇ ನೆನೆಯಬೇಕಾಗಿಲ್ಲ. ಶಿವಮೊಗ್ಗದಿಂದ ಶಿಕಾರಿಪುರದ ಕಡೆಗೆ ಹೋಗುವ ದಾರಿಯಲ್ಲಿ ಸವಳಂಗ ಎಂಬ ಊರಿದೆ. ಹಿಂದೆ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಈ ಊರು 1997ರಲ್ಲಿ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಬಂದಿತು. ಈಗ ನ್ಯಾಮತಿ ತಾಲ್ಲೂಕಿನಲ್ಲಿದೆ. ಜೋಳ, ಭತ್ತ, ಅಡಿಕೆಗಳ ನಾಡು. ಇಂಥ ಊರುಗಳ ಜಾತ್ರೆಯಲ್ಲಿ, ಗಣೇಶೋತ್ಸವದಲ್ಲಿ, ರಾಜ್ಯೋತ್ಸವದಲ್ಲಿ ರಸಮಂಜರಿ ಕಾರ್ಯಕ್ರಮವನ್ನು ನೀವು ನೋಡಿಯೇ ಇರುತ್ತೀರಿ. ಹಾಡುವವರು ಮುಂದೆ ನಿಲ್ಲುತ್ತಾರೆ, ಕೀಬೋರ್ಡಿನವರೂ ರಿದಂ ಪ್ಯಾಡಿನವರೂ ಪಕ್ಕದಲ್ಲಿ ಕೂಡುತ್ತಾರೆ. ಹಿಂದೆ, ಬೆಳಕು ಕಡಿಮೆ ಇರುವ ಮೂಲೆಯಲ್ಲಿ, ಉದ್ದ ಕುತ್ತಿಗೆಯ ನಾಲ್ಕು ತಂತಿಯ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಒಬ್ಬರು ನಿಂತಿರುತ್ತಾರಲ್ಲ, ಅವರೇ ಬೇಸ್ ನುಡಿಸುವವರು. ಅವರ ಹೆಸರು ಕರಪತ್ರದಲ್ಲಿ ಅಚ್ಚಾಗುವುದು ಅಪರೂಪ. ಆದರೆ ಅವರು ಕೈ ನಿಲ್ಲಿಸಿದರೆ ಹಾಡಿಗೆ ನೆಲವೇ ಇಲ್ಲದಂತಾಗುತ್ತದೆ.

ಈ ಎರಡು ವಾದ್ಯಗಳಿಗೆ ಇರುವ ವ್ಯತ್ಯಾಸವೇನು? ಸಾಮಾನ್ಯ ಗಿಟಾರಿಗೆ ಆರು ತಂತಿ. ಅದರ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿ ಅದರ ಅರ್ಧದಷ್ಟು, ಎಂದರೆ ಸುಮಾರು 41 ಬಾರಿ ಮಾತ್ರ ಕಂಪಿಸುತ್ತದೆ. ಹೀಗಾಗಿ ಅದರ ಸ್ವರ ಒಂದು ಸ್ಥಾಯಿ ಕೆಳಗೆ ಕೇಳುತ್ತದೆ. ತಂತಿ ಉದ್ದವಾದಷ್ಟೂ, ಭಾರವಾದಷ್ಟೂ, ಸಡಿಲವಾದಷ್ಟೂ ಕಂಪನ ನಿಧಾನವಾಗುತ್ತದೆ ಎಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಅದಕ್ಕೇ ಬೇಸ್ ಗಿಟಾರಿನ ತಂತಿಯ ಅಳತೆ ಸಾಮಾನ್ಯವಾಗಿ 34 ಅಂಗುಲ, ಎಲೆಕ್ಟ್ರಿಕ್ ಗಿಟಾರಿನದು 25 ಅಂಗುಲದ ಆಸುಪಾಸು. ಇನ್ನು ಕುತ್ತಿಗೆಯ ಮೇಲಿನ ಲೋಹದ ಅಡ್ಡಗೆರೆಗಳು, ಎಂದರೆ ಫ್ರೆಟ್‌ಗಳು. ಒಂದೊಂದು ಫ್ರೆಟ್ ಏರಿದಾಗಲೂ ಕಂಪನ ಸುಮಾರು 1.06 ಪಟ್ಟಾಗುತ್ತದೆ. ಹನ್ನೆರಡು ಫ್ರೆಟ್ ಏರಿದರೆ ಸರಿಯಾಗಿ ಎರಡು ಪಟ್ಟು. ಆ ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುತ್ತದೆ. ನಮ್ಮ ಸಂಗೀತದಲ್ಲೂ ಒಂದು ಸ್ಥಾಯಿಗೆ ಹನ್ನೆರಡು ಸ್ವರಸ್ಥಾನಗಳಿರುವುದನ್ನು ನೆನಪಿಸಿಕೊಳ್ಳಿ. ಸ್ಕೇಲ್ ಪಟ್ಟಿ ಹಿಡಿದು ಅಳೆದು ನೋಡಿದರೆ ಗಣಿತ ನಿಮ್ಮ ಕಣ್ಣೆದುರಿಗೇ ಬರುತ್ತದೆ.

ಬೇಸ್ ಗಿಟಾರಿನ ಚರಿತ್ರೆಯೇ ಕೊಡುಕೊಳ್ಳುವಿಕೆಯ ಚರಿತ್ರೆ. 1951ರವರೆಗೆ ಪಾಶ್ಚಾತ್ಯ ವಾದ್ಯಗೋಷ್ಠಿಗಳಲ್ಲಿ ಕೆಳಸ್ವರ ನುಡಿಸುವವರು ಹೆಚ್ಚಾಗಿ ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಾಗಿತ್ತು. ಆ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಎಂಬವರು ಹೆಗಲಿಗೆ ಹಾಕಿಕೊಳ್ಳಬಹುದಾದ, ಫ್ರೆಟ್‌ಗಳಿರುವ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದರು. ಸ್ವಾರಸ್ಯವೆಂದರೆ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರು ಮೂಲತಃ ರೇಡಿಯೋ ರಿಪೇರಿಯವರು. ತಾವು ಮಾಡಿದ ವಾದ್ಯಗಳನ್ನು ಸುತ್ತಮುತ್ತಲಿನ ವಾದಕರ ಕೈಗೆ ಕೊಟ್ಟು, ಅವರು ನುಡಿಸಿ ಬಂದು ಹೇಳಿದ ಕುಂದುಕೊರತೆಗಳನ್ನು ಕೇಳಿ, ತಿದ್ದುತ್ತಾ ಹೋದರು. ನುಡಿಸಲು ಬಾರದ ಕುಶಲಕರ್ಮಿ, ಮಾಡಲು ಬಾರದ ವಾದಕ, ಈ ಇಬ್ಬರೂ ಕೂಡಿ ಜಗತ್ತಿಗೆ ಒಂದು ವಾದ್ಯವನ್ನು ಕೊಟ್ಟರು. ಇದೂ ಒಂದು ಮುಯ್ಯಿಯಲ್ಲವೇ?

ಇದು ಪರದೇಶದ ವಾದ್ಯ, ನಮಗೇಕೆ ಎಂದು ಕೆಲವು ಹಿರಿಯರು ಕೇಳುವುದುಂಟು. ಪಿಟೀಲು ಕೂಡ ಪರದೇಶದಿಂದಲೇ ಬಂದದ್ದು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ತಮ್ಮದನ್ನಾಗಿ ಮಾಡಿಕೊಂಡರು. ಇಂದು ಅದನ್ನು ಹೊರಗಿನದೆಂದು ಯಾರೂ ಎನ್ನುವುದಿಲ್ಲ. ಗಿಟಾರಿನ ಮಟ್ಟಿಗಂತೂ ಕೊಟ್ಟವರಲ್ಲಿ ನಾವೂ ಇದ್ದೇವೆ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಬೀಟೆ ಮರ, ಗಿಟಾರಿನ ಬೆನ್ನು, ಪಕ್ಕೆ ಮತ್ತು ಬೆರಳು ಆಡುವ ಹಲಗೆಗೆ ಜಗತ್ತಿನಾದ್ಯಂತ ಹೆಸರಾದದ್ದು. ಬ್ರೆಜಿಲ್ ದೇಶದ ಬೀಟೆ ಸಿಗುವುದು ದುರ್ಲಭವಾದಾಗ, 1969ರ ಸುಮಾರಿಗೆ, ಅಮೆರಿಕದ ಪ್ರಸಿದ್ಧ ಮಾರ್ಟಿನ್ ಕಂಪನಿ ಭಾರತದ ಬೀಟೆಯತ್ತ ತಿರುಗಿತು. ಆದರೆ ಇಲ್ಲೊಂದು ಎಚ್ಚರಿಕೆಯ ಮಾತೂ ಇದೆ. ನಿಧಾನವಾಗಿ ಬೆಳೆಯುವ ಈ ಮರ ಈಗ ಅಪಾಯಕ್ಕೊಳಗಾಗಬಹುದಾದ ಪ್ರಭೇದಗಳ ಪಟ್ಟಿಯಲ್ಲಿದೆ. 2017ರಲ್ಲಿ ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಬಿಗಿಯಾದ ನಿಯಮ ಬಂದಿತು. ವಾದ್ಯಗಾರರಿಗೆ ತೊಂದರೆಯಾಯಿತೆಂದು 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದ್ದರಿಂದ ಹಳೆಯ ಗಿಟಾರೊಂದನ್ನು ಜೋಪಾನ ಮಾಡಿ ಕೈಯಿಂದ ಕೈಗೆ ದಾಟಿಸುವುದು ಹಣದ ಉಳಿತಾಯ ಮಾತ್ರವಲ್ಲ, ಕಾಡಿನ ಉಳಿತಾಯವೂ ಹೌದು.

ಇನ್ನು ಗೆಳೆತನದ ವಿಷಯಕ್ಕೆ ಬರೋಣ. ಸಣ್ಣ ಊರಿನಲ್ಲಿ ಗಿಟಾರ್ ಕಲಿಯುವವರಿಗೆ ಒಂದು ತಂತಿ ತುಂಡಾದರೆ ಬಸ್ಸು ಹತ್ತಿ ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಬೇಕು. ಬೇಸ್ ತಂತಿಗಳ ಬೆಲೆ ಗಿಟಾರ್ ತಂತಿಗಳಿಗಿಂತ ಹೆಚ್ಚು. ಹಾಗಾಗಿ ಇಂಥವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ. ಒಬ್ಬರ ಬಳಿ ಆಂಪ್ಲಿಫೈಯರ್ ಇದ್ದರೆ ಇನ್ನೊಬ್ಬರ ಬಳಿ ಒಳ್ಳೆಯ ಕೇಬಲ್ ಇರುತ್ತದೆ. ಮತ್ತೊಬ್ಬರಿಗೆ ಬೆಸುಗೆ ಹಾಕುವ ಕೈಚಳಕವಿರುತ್ತದೆ. ಮಂಕಾದ ಬೇಸ್ ತಂತಿಗಳನ್ನು ಬಿಚ್ಚಿ, ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಚೆನ್ನಾಗಿ ಒಣಗಿಸಿ ಕಟ್ಟಿದರೆ ಕೆಲವು ದಿನವಾದರೂ ಮತ್ತೆ ಹೊಳಪಾಗಿ ನುಡಿಯುತ್ತವೆ. ತಂತಿಯ ಸುರುಳಿಗಳಲ್ಲಿ ಸೇರಿದ ಬೆವರು, ಕೊಳೆ ಬಿಟ್ಟುಹೋಗುವುದೇ ಇದಕ್ಕೆ ಕಾರಣ. ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ಒರಗಿಸಿಡಬಾರದು, ತೇವಕ್ಕೆ ಮರ ಉಬ್ಬಿ ಕುತ್ತಿಗೆ ಬಾಗುತ್ತದೆ. ಚೀಲದೊಳಗೆ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣ ಇಡಬೇಕು. ಇಂಥ ವಿದ್ಯೆಯನ್ನು ಇವರು ಕಲಿಯುವುದು ಹೆಚ್ಚಾಗಿ ಜೊತೆಗಾರರ ಬಾಯಿಂದಲೇ.

ಆದರೆ ವಾದ್ಯದ ಮಾತು ಬರೀ ವಾದ್ಯದಲ್ಲಿ ನಿಲ್ಲುವುದಿಲ್ಲ. ಇಬ್ಬರು ವಾದಕರ ಫೋನ್ ಮಾತು ಹೀಗೆ ಸಾಗುತ್ತದೆ: "ಅಣ್ಣಾ, ನಾಡಿದ್ದು ನಮ್ಮೂರಲ್ಲಿ ಪ್ರೋಗ್ರಾಂ ಐತಿ. ನಿನ್ನ ಆಂಪ್ ಬಿಡುವೈತಾ?" "ಐತಿ ಕಣೋ, ತಗೊಂಡು ಹೋಗು. ಅಪ್ಪಂಗೆ ಮಂಡಿನೋವು ಕಮ್ಮಿ ಆತಾ? ಬೋರ್‌ನಾಗೆ ನೀರು ಬಂತಾ?" ಆಂಪ್ ಕೇಳಲು ಬಂದ ಮಾತು ಮನೆಯ ಹಿರಿಯರ ಆರೋಗ್ಯಕ್ಕೆ, ತಂಗಿಯ ಮದುವೆಗೆ, ಜೋಳದ ದರಕ್ಕೆ, ಪರೀಕ್ಷೆಯ ಫಲಿತಾಂಶಕ್ಕೆ ಹರಿಯುತ್ತದೆ. ಮನಸ್ಸಿನ ದುಗುಡವನ್ನು ನೇರವಾಗಿ ಹೇಳಿಕೊಳ್ಳಲು ಹಿಂಜರಿಯುವ ಹುಡುಗರು ಅನೇಕರು. ಅಂಥವರಿಗೆ ಶ್ರುತಿ ಮಾಡುತ್ತಾ, ತಂತಿ ಬದಲಿಸುತ್ತಾ, ಕೈಗೆ ಕೆಲಸ ಕೊಟ್ಟುಕೊಂಡು ಮಾತಾಡುವುದು ಸುಲಭ.

2020ರಲ್ಲಿ ಕೊರೋನಾ ಬಂದಾಗ ಈ ಗೆಳೆತನದ ಬೆಲೆ ತಿಳಿಯಿತು. ಜಾತ್ರೆ ನಿಂತವು, ಅದ್ದೂರಿ ಮದುವೆಗಳು ನಿಂತವು, ರಸಮಂಜರಿಗಳು ನಿಂತವು. ರಾತ್ರಿ ಕಾರ್ಯಕ್ರಮವನ್ನೇ ನಂಬಿ ಬದುಕಿದ್ದ ವಾದ್ಯಗಾರರಿಗೆ ದುಡಿಮೆಯೇ ಇಲ್ಲದಾಯಿತು. ವಾದ್ಯ ಮಾರುವುದೆಂದರೆ ರೈತ ಎತ್ತು ಮಾರಿದಂತೆ; ಮುಂದಿನ ಬೆಳೆಗೆ ದಾರಿಯೇ ಮುಚ್ಚಿದಂತೆ. ಇಂಥ ಹೊತ್ತಿನಲ್ಲಿ ಜೊತೆಗಾರನಿಗೆ "ಸಾಲ ಬೇಕಾ?" ಎಂದು ಕೇಳಿದರೆ ಅವನು ಬೇಡವೆನ್ನುತ್ತಾನೆ. "ನಿನ್ನ ಬೇಸ್ ಎರಡು ತಿಂಗಳು ನನಗೆ ಬಾಡಿಗೆಗೆ ಕೊಡು" ಎಂದರೆ ಅವನ ಮನೆಗೆ ಅಕ್ಕಿಯೂ ಬರುತ್ತದೆ, ಮರ್ಯಾದೆಯೂ ಉಳಿಯುತ್ತದೆ, ವಾದ್ಯವೂ ಉಳಿಯುತ್ತದೆ. ಸಹಾಯ ಮಾಡುವುದಕ್ಕೂ ಒಂದು ಶ್ರುತಿ ಬೇಕು ಮಿತ್ರರೇ.

ಹಂಚಿಕೊಂಡ ತಿಳಿವಳಿಕೆ ಜೀವವನ್ನೂ ಉಳಿಸಬಲ್ಲದು. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸೀ ಪಟ್ಟಣದಲ್ಲಿ, ಸ್ಟೋನ್ ದ ಕ್ರೋಸ್ ಎಂಬ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಅವರು ವೇದಿಕೆಯ ಮೇಲೆ ಮೈಕನ್ನು ಮುಟ್ಟಿದೊಡನೆ ವಿದ್ಯುತ್ ಆಘಾತದಿಂದ ತೀರಿಕೊಂಡರು. ಮೈಕಿಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿ ಲೋಹದ್ದು. ಅದು ಆಂಪ್ಲಿಫೈಯರಿನ ಅರ್ಥಿಗೆ ಸೇರಿರುತ್ತದೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇದ್ದು, ಎರಡರಲ್ಲಿ ಒಂದರ ಅರ್ಥಿಂಗ್ ಕೆಟ್ಟಿದ್ದರೆ ವಾದಕನ ದೇಹವೇ ವಿದ್ಯುತ್ ಹರಿಯುವ ದಾರಿಯಾಗಬಹುದು. ನಮ್ಮ ಗಣೇಶನ ಪೆಂಡಾಲುಗಳು ಏಳುವುದು ಮಳೆಗಾಲದಲ್ಲಿ. ನೆಲ ಒದ್ದೆ, ಕರೆಂಟು ತಾತ್ಕಾಲಿಕ. ಆದ್ದರಿಂದ ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ಎಂದೂ ಕಿತ್ತೆಸೆಯಬೇಡಿ. ವೇದಿಕೆಯ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸುವಂತೆ ಸಂಘಟಕರನ್ನು ಕೇಳಿ. ಹಾಡುವ ಮೊದಲು ಬಲ್ಲ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಅನುಭವಸ್ಥ ಅಣ್ಣಂದಿರು ಹೊಸಬರಿಗೆ ಮೊದಲು ಹೇಳಿಕೊಡಬೇಕಾದ ಪಾಠ ಸರಿಗಮವಲ್ಲ, ಇದು.

ಜೊತೆಯಲ್ಲಿ ಬೆಳೆದವರ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಇಳಯರಾಜಾ ಅವರು ಸಂಗೀತ ನಿರ್ದೇಶಕರಾಗುವ ಮೊದಲು, 'ಬಂಗಾರದ ಮನುಷ್ಯ'ದಂಥ ಚಿತ್ರಗಳಿಗೆ ಸಂಗೀತ ನೀಡಿದ ಜಿ.ಕೆ. ವೆಂಕಟೇಶ್ ಅವರ ಬಳಗದಲ್ಲಿ ಗಿಟಾರ್ ನುಡಿಸಿದವರು, ಸಹಾಯಕರಾಗಿ ದುಡಿದವರು. ಕನ್ನಡ ಚಿತ್ರಗೀತೆಯ ಅಂಗಳದಲ್ಲಿ ಪಡೆದದ್ದನ್ನು ಅವರು 1981ರ 'ಗೀತಾ' ಚಿತ್ರದ ಹಾಡುಗಳಿಂದ ಕನ್ನಡಕ್ಕೆ ಬಡ್ಡಿಸಹಿತ ಹಿಂತಿರುಗಿಸಿದರೆನ್ನಬಹುದು. ಮೈಸೂರಿನ ರಘು ದೀಕ್ಷಿತ್ ಭರತನಾಟ್ಯ ಕಲಿತವರು. ಸಹಪಾಠಿಯೊಬ್ಬರ ಹಾಸ್ಯಕ್ಕೆ ಉತ್ತರವಾಗಿ ಗಿಟಾರ್ ಕೈಗೆತ್ತಿಕೊಂಡು, ಮುಂದೆ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಡನೆ ದೇಶವಿದೇಶಗಳಲ್ಲಿ ಹಾಡಿದರು. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದವರು ತಾವು ನುಡಿಸುವುದರ ಜೊತೆಗೆ ಕಿರಿಯರಿಗೆ ಕಲಿಸುವ ಶಾಲೆಯನ್ನೂ ತೆರೆದರು.

ವಿದ್ಯಾರ್ಥಿನಿಯರಿಗೂ ಒಂದು ಮಾತು. ಇದು ಹುಡುಗರ ವಾದ್ಯವೆಂದು ಯಾರಾದರೂ ಅಂದರೆ ನಂಬಬೇಡಿ. ಅಮೆರಿಕದ ಕ್ಯಾರಲ್ ಕೇ 1960ರ ದಶಕದಿಂದ ಸಾವಿರಾರು ಧ್ವನಿಮುದ್ರಣಗಳಿಗೆ ಬೇಸ್ ನುಡಿಸಿದರು. ಮುಂಬಯಿಯ ಮೋಹಿನಿ ಡೇ ಬೇಸ್ ವಾದಕ ತಂದೆಯಿಂದ ಕಲಿತು, ಎ.ಆರ್. ರೆಹಮಾನ್ ಅವರೊಡನೆ ಬೇಸ್ ನುಡಿಸಿ ಹೆಸರಾದರು. ನಿಮ್ಮ ಕಾಲೇಜಿನ ತಂಡದಲ್ಲಿ ಹುಡುಗಿಯರಿಗೆ ಬರೀ ಹಾಡುವ ಜಾಗ ಮಾತ್ರ ಇದ್ದರೆ, ಆ ತಂಡ ಅರ್ಧ ಶಕ್ತಿಯನ್ನು ಕಳೆದುಕೊಂಡಿದೆ ಎಂದೇ ಅರ್ಥ.

ಗೆಳೆತನ ಕೆಡುವುದೂ ಉಂಟು. ಒಯ್ದ ಕೇಬಲ್ ಮರಳದಿದ್ದರೆ, ದುಬಾರಿ ವಾದ್ಯವಿದ್ದವರು ಅಗ್ಗದ ವಾದ್ಯವಿದ್ದವರನ್ನು ಕೀಳಾಗಿ ಕಂಡರೆ, ಮುಯ್ಯಿ ಮುರಿಯುತ್ತದೆ. ಅದಕ್ಕೇ ಮೂರು ಸರಳ ನಿಯಮಗಳನ್ನು ಇಟ್ಟುಕೊಳ್ಳಿ. ತಂದದ್ದನ್ನು ಹೇಳಿದ ದಿನ ಹಿಂತಿರುಗಿಸಿ. ತಂತಿ ತುಂಡಾದರೆ ಹೊಸದನ್ನು ಹಾಕಿ ಕೊಡಿ. ವಾದ್ಯ ಒಯ್ಯಲು ಹೋದಾಗ ವಾದ್ಯದ ಯಜಮಾನರ ಕುಶಲವನ್ನೂ ವಿಚಾರಿಸಿ. ಮೊದಲನೆಯ ಎರಡು ಲೆಕ್ಕದ ಮಾತು, ಮೂರನೆಯದು ಮನುಷ್ಯತ್ವದ ಮಾತು.

ಬೇಸ್ ವಾದಕರಿಂದ ನಾವು ಕಲಿಯಬೇಕಾದದ್ದೂ ಇದನ್ನೇ. ಅವರು ತಮ್ಮ ಸ್ವರ ಎದ್ದು ಕೇಳಬೇಕೆಂದು ಹಟ ಹಿಡಿಯುವುದಿಲ್ಲ. ಎಲ್ಲರ ಸ್ವರವೂ ನಿಲ್ಲಲು ಅಡಿಪಾಯ ಹಾಕುತ್ತಾರೆ. ಮುಯ್ಯಾಳಿಗೆ ಬಂದವರೂ ಹಾಗೆಯೇ, ಬೇರೆಯವರ ಗದ್ದೆಯಲ್ಲಿ ತಮ್ಮ ಗದ್ದೆಯಷ್ಟೇ ನೇರವಾಗಿ ಸಸಿ ನೆಡುತ್ತಾರೆ. ನೀವು ಗಿಟಾರ್ ಕಲಿಯಿರಿ, ಕ್ರಿಕೆಟ್ ಆಡಿರಿ, ನಾಟಕ ಕಟ್ಟಿರಿ. ಯಾವುದೇ ಹವ್ಯಾಸವಿರಲಿ, ಜೊತೆಗಾರನಿಂದ ಪಡೆದದ್ದನ್ನು ಇನ್ನೊಬ್ಬ ಕಿರಿಯನಿಗೆ ದಾಟಿಸುವ ಮುಯ್ಯಿಯನ್ನು ಮರೆಯಬೇಡಿ.