ವಾಗ್ದಾನವೂ ಕರ್ತವ್ಯವೂ



ಶಾಂತಸಾಗರದಲ್ಲಿ ವನುವಾಟು ಎಂಬ ಪುಟ್ಟ ದ್ವೀಪರಾಷ್ಟ್ರವಿದೆ. ಭೂಮಿಯ ತಾಪವನ್ನು ಏರಿಸಿದ ಹೊಗೆಯಲ್ಲಿ ಅದರ ಪಾಲು ಲೆಕ್ಕಕ್ಕೆ ಬರುವಷ್ಟಿಲ್ಲ. ಉಕ್ಕೇರುವ ಕಡಲು ಮಾತ್ರ ಅದರ ಅಂಗಳಕ್ಕೇ ನುಗ್ಗುತ್ತಿದೆ. 2019ರಲ್ಲಿ ಅಲ್ಲಿ ನ್ಯಾಯಶಾಸ್ತ್ರವನ್ನು ಓದುತ್ತಿದ್ದ 27 ಮಂದಿ ವಿದ್ಯಾರ್ಥಿಗಳು, ನಿಮಗಿಂತ ನಾಲ್ಕಾರು ವರ್ಷ ಹಿರಿಯರಷ್ಟೆ, ಈ ಅನ್ಯಾಯವನ್ನು ಲೋಕದ ನ್ಯಾಯಾಲಯಕ್ಕೇ ಒಯ್ಯಬೇಕೆಂದು ನಿಶ್ಚಯಿಸಿದರು. ಕೇಳಿದವರು ನಕ್ಕಿದ್ದರೂ ಆಶ್ಚರ್ಯವಿಲ್ಲ. ಆದರೆ ವನುವಾಟು ಸರಕಾರವು ಅವರ ಬೆನ್ನಿಗೆ ನಿಂತಿತು. 2023ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಆ ಪ್ರಶ್ನೆಯನ್ನು ಒಮ್ಮತದಿಂದ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಕಳುಹಿಸಿತು.

ಪ್ರಶ್ನೆಗೆ ಕಾರಣವಿತ್ತು. 2015ರ ಪ್ಯಾರಿಸ್ ಒಪ್ಪಂದದಂತೆ ಪ್ರತಿಯೊಂದು ರಾಷ್ಟ್ರವೂ ತನ್ನ ಗುರಿಯನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ, ತಪ್ಪಿದರೆ ದಂಡವಿಲ್ಲ. ಪರೀಕ್ಷಾರ್ಥಿಯೇ ಪ್ರಶ್ನಪತ್ರಿಕೆಯನ್ನು ಬರೆದುಕೊಂಡಂತೆ! ಯಂತ್ರೋದ್ಯಮಕ್ಕೆ ಮುಂಚಿನ ಕಾಲಕ್ಕಿಂತ ತಾಪವು 1.5 ಡಿಗ್ರಿಗೆ ಮೀರಿ ಏರದಂತೆ ಯತ್ನಿಸುವೆವೆಂದು ಅಲ್ಲಿ ಒಪ್ಪಿದ್ದರು. 2024ರ ಒಂದು ವರ್ಷದ ಸರಾಸರಿಯೇ ಆ ಗೆರೆಯನ್ನು ದಾಟಿತು.

2025ರ ಜುಲೈ 23ರಂದು ನ್ಯಾಯಾಧೀಶರು ಏಕಾಭಿಪ್ರಾಯದಿಂದ ಉತ್ತರವಿತ್ತರು: ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಔದಾರ್ಯವಲ್ಲ, ಕಾನೂನಿನ ಕರ್ತವ್ಯ, ಉಲ್ಲಂಘಿಸಿದವರು ಹಾನಿಗೆ ಪರಿಹಾರವನ್ನು ತೆರಬೇಕಾದೀತು. ಇದು ಸಲಹೆಯೇ ಹೊರತು ಆಜ್ಞೆಯಲ್ಲ. ಅದಕ್ಕೆ ಬಲವನ್ನು ತುಂಬಬೇಕಾದವು ಸರಕಾರಗಳೇ. ಅವುಗಳಿಗೆ ಇದು ತಿಳಿಯದ ವಿದ್ಯೆಯೂ ಅಲ್ಲ. ಓಜೋನ್ ಪದರವನ್ನು ಉಳಿಸಲು 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಕೂಡಿ, ಅದನ್ನು ಕೆಡಿಸುವ ಅನಿಲಗಳಿಗೆ ಗಡುವು ವಿಧಿಸಿದುವು. ಬಳಿಕ ಬಡರಾಷ್ಟ್ರಗಳಿಗೆಂದು ನಿಧಿಯನ್ನೂ ಕೂಡಿಸಿದುವು. ಕಲ್ಲಿದ್ದಲು, ಎಣ್ಣೆಗಳ ವಿಷಯದಲ್ಲಿ ಅಂಥ ಗಡುವನ್ನು ಅವು ಇನ್ನೂ ಒಪ್ಪಿಲ್ಲ.