ದತ್ತು ತಂದ ಬೆಕ್ಕು ರಾತ್ರಿಯೆಲ್ಲ ಕೂಗ್ತಿದ್ದರೆ ಏನು ಮಾಡೋದು?

ನಾನು ಪುಣೆಯಲ್ಲಿ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್. ಊರು ಧಾರವಾಡ. ನಾನು ಪ್ರಾಣಿವೈದ್ಯ ಅಲ್ಲ, ಇದನ್ನು ಮೊದಲೇ ಹೇಳಿಬಿಡ್ತೀನಿ. ಕಳೆದ ವರ್ಷ ನಾನು ಮತ್ತು ನನ್ನ ಹೆಂಡತಿ ಒಂದು ರೆಸ್ಕ್ಯೂ ತಂಡದಿಂದ ಮೂರು ವರ್ಷದ ಹೆಣ್ಣು ಬೆಕ್ಕೊಂದನ್ನು ದತ್ತು ತಂದ್ವಿ. ಹೆಸರು ತುತ್ತೂರಿ. ಆ ಹೆಸರು ಯಾಕೆ ಅಂತ ನಮ್ಮ ಕಟ್ಟಡದಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ.

ಅಂದಿನಿಂದ ಗೆಳೆಯರು ನನಗೆ ಕೇಳುವ ಪ್ರಶ್ನೆ ಒಂದೇ. "ತಂದು ಐದು ದಿನ ಆಯ್ತು, ರಾತ್ರಿಯೆಲ್ಲ ಕೂಗ್ತದೆ, ಬೆಳಿಗ್ಗೆ ಆಫೀಸಿದೆ, ವಾಪಸ್ ಕೊಟ್ಟುಬಿಡಲಾ?" ನನ್ನ ಉತ್ತರ: ಐದನೇ ದಿನ ಈ ತೀರ್ಮಾನ ತಗೋಬೇಡಿ. ಕೂಗಿಗೆ ಕಾರಣ ಮೂರು ಥರ ಇರುತ್ತೆ: ದೇಹದ್ದು, ಭಯದ್ದು, ಅಭ್ಯಾಸದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ಕೂಗು ಹೆಚ್ಚಾಗುತ್ತೆ, ಕೆಲವು ಸಲ ಬೆಕ್ಕಿನ ಜೀವಕ್ಕೇ ಕುತ್ತು.

ಅದಕ್ಕೂ ಮೊದಲು ಬೆಕ್ಕು ಯಾಕೆ ಕೂಗುತ್ತೆ ಅಂತ ನೋಡೋಣ. ಮರಿಗಳು ತಾಯಿಯನ್ನು ಕರೆಯೋಕೆ ಮಿಯಾಂವ್ ಅಂತಾವೆ. ದೊಡ್ಡದಾದ ಮೇಲೆ ಬೆಕ್ಕು ಬೆಕ್ಕುಗಳ ನಡುವೆ ಈ ಮಿಯಾಂವ್ ಬಹಳ ಕಡಿಮೆ. ಜಗಳದ ಕಿರುಚಾಟ, ಬೆದೆಯ ಕೂಗು ಬೇರೆ. ಮಿಯಾಂವ್ ಅನ್ನೋದನ್ನು ಅವು ಹೆಚ್ಚಾಗಿ ಬಳಸೋದು ಮನುಷ್ಯರ ಹತ್ತಿರ. 1944ರಲ್ಲಿ ಮಿಲ್ಡ್ರೆಡ್ ಮೋಲ್ಕ್ ಅನ್ನುವವರು ಸಾಕುಬೆಕ್ಕುಗಳ ದನಿಯನ್ನು ಕೂತು ಆಲಿಸಿ 16 ಬಗೆ ಗುರುತಿಸಿದ್ದರು. 2009ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕೋಂಬ್ ತಂಡ ಇನ್ನೊಂದು ಮಜಾ ವಿಷಯ ತೋರಿಸಿತು. ಊಟ ಕೇಳುವಾಗಿನ ಗುರುಗುರು ಸದ್ದಿನೊಳಗೆ ಒಂದು ಎತ್ತರದ ಅಳು ಸೇರಿರುತ್ತೆ, ಅದು ಕೂಸಿನ ಅಳುವಿಗೆ ಹತ್ತಿರದ್ದು. ಬೆಕ್ಕು ಸಾಕದವರಿಗೂ ಆ ಸದ್ದು ಅವಸರದ್ದು ಅನ್ನಿಸಿತು. ಹಾಗಾಗಿ ರಾತ್ರಿ ಮೂರಕ್ಕೆ ಆ ದನಿ ಕೇಳಿ ನಿಮಗೆ ಸುಮ್ಮನೆ ಮಲಗೋಕೆ ಆಗಲ್ಲ ಅಂದ್ರೆ ಅದರಲ್ಲಿ ಆಶ್ಚರ್ಯ ಇಲ್ಲ.

ಈಗ ಮೊದಲನೇ ಕಾರಣ, ದೇಹ. ಬೆಕ್ಕು ತಂದ ವಾರದೊಳಗೆ ಡಾಕ್ಟರಿಗೆ ತೋರಿಸಿ. ಸಂತಾನಹರಣ ಆಗಿಲ್ಲದ ಹೆಣ್ಣು ಬೆಕ್ಕು ಬೆದೆಗೆ ಬಂದರೆ ದಿನಗಟ್ಟಲೆ ಕೂಗುತ್ತೆ, ಆಪರೇಷನ್ ಮಾಡಿಸೋದೇ ಅದಕ್ಕೆ ದಾರಿ. ವಯಸ್ಸಾದ ಬೆಕ್ಕಾದರೆ ಥೈರಾಯ್ಡ್, ರಕ್ತದೊತ್ತಡ, ಕಿವುಡು, ಯಾವುದಿದ್ದರೂ ರಾತ್ರಿ ಕೂಗಬಹುದು. ಇದೊಂದು ಮಾತ್ರ ದಯವಿಟ್ಟು ನೆನಪಿಡಿ: ಗಂಡು ಬೆಕ್ಕು ಮಣ್ಣಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ, ಮುಕ್ಕಿ, ಕೂಗಿ, ಮೂತ್ರ ಬರ್ತಿಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಮೂತ್ರನಾಳ ಕಟ್ಟಿದ್ದರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತೆ.

ದೇಹದ ಲೆಕ್ಕದಲ್ಲೇ ಬರೋದು ಹಸಿವು. ಇದು ನಮ್ಮಂಥ ಸಸ್ಯಾಹಾರಿ ಮನೆಗಳ ಪ್ರಶ್ನೆ. ಫೋನಿನಲ್ಲಿ ಕೂಗು ಕೇಳಿದ ಕೂಡಲೇ ನಮ್ಮ ಅವ್ವ ಹೇಳಿದ್ದು, "ಹಸದದೋ ಅದು, ಹಾಲು ಅನ್ನ ಕಲಸಿ ಹಾಕಪಾ." ಊರಲ್ಲಿ ಹಾಲು ಅನ್ನ ತಿಂದ ಬೆಕ್ಕು ಹೊರಗೆ ಇಲಿನೂ ಹಿಡೀತಿತ್ತು. ಐದನೇ ಮಹಡಿಯ ಫ್ಲ್ಯಾಟಿನಲ್ಲಿ ಇಲಿ ಎಲ್ಲಿಂದ ಬರಬೇಕು? ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಆಹಾರದಿಂದಲೇ ಸಿಗಬೇಕು, ಅದು ಇರೋದು ಮಾಂಸ, ಮೀನಿನಲ್ಲಿ. ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡ್ತಾವೆ. ಹಾಲು ತುಂಬಾ ದೊಡ್ಡ ಬೆಕ್ಕುಗಳಿಗೆ ಅರಗೋದೇ ಇಲ್ಲ. ನಾವು ಬೆಕ್ಕಿನ ಪ್ಯಾಕೆಟ್ ಆಹಾರ ತಂದು ಬಾಲ್ಕನಿ ಕಪಾಟಿನಲ್ಲಿ ಇಡ್ತೀವಿ. ಅದರ ಬಟ್ಟಲು, ಚಮಚ ಬೇರೆ. ಅವ್ವ ಬಂದಾಗ ನೋಡಿ, "ಅದರ ಊಟ ಅದಕ್ಕ" ಅಂದು ಸುಮ್ಮನಾದಳು.

ಎರಡನೇ ಕಾರಣ, ಭಯ. ನಮ್ಮ ಕಿವಿ ಕೇಳೋದು ಸುಮಾರು 20,000 ಹರ್ಟ್ಸ್‌ವರೆಗೆ, ಬೆಕ್ಕಿನ ಕಿವಿ 60,000ಕ್ಕೂ ಮೇಲೆ. ಕುಕ್ಕರ್ ಸೀಟಿ, ಮಿಕ್ಸರ್, ಲಿಫ್ಟು ಎಲ್ಲಾ ಅದಕ್ಕೆ ಹೊಸದು. ಪುಣೆಯಲ್ಲಿ ಗಣೇಶೋತ್ಸವಕ್ಕೆ ವಾರಗಟ್ಟಲೆ ಮೊದಲೇ ಢೋಲ್ ತಾಶಾ ತಾಲೀಮು ಶುರುವಾಗುತ್ತೆ. ತುತ್ತೂರಿ ಬಂದಿದ್ದು ಸರಿಯಾಗಿ ಆಗಲೇ. ಮೊದಲ ದಿನವೇ ಇಡೀ ಮನೆ ತೆರೆದಿಡಬೇಡಿ. ಒಂದು ಕೋಣೆ ಕೊಡಿ. ಅದರಲ್ಲಿ ಊಟ, ನೀರು, ಊಟದಿಂದ ದೂರಕ್ಕೆ ಮಣ್ಣಿನ ತಟ್ಟೆ, ಅಡಗಿಕೊಳ್ಳೋಕೆ ಒಂದು ರಟ್ಟಿನ ಡಬ್ಬಿ. ಅದು ಮೊದಲಿದ್ದ ಜಾಗದ ಬಟ್ಟೆ ಸಿಕ್ಕರೆ ತೊಳೆಯದೆ ಹಾಗೇ ಡಬ್ಬಿಯೊಳಗೆ ಹಾಸಿ, ಪರಿಚಯದ ವಾಸನೆ ಇರಲಿ. ರೆಸ್ಕ್ಯೂ ಮಾಡುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅನ್ನುವ ಲೆಕ್ಕ ಹೇಳ್ತಾರೆ: ಗಾಬರಿ ಇಳಿಯೋಕೆ, ಮನೆಯ ಕ್ರಮ ತಿಳಿಯೋಕೆ, ನಮ್ಮದು ಅನ್ನಿಸೋಕೆ. ಅಂದಾಜಿನ ಲೆಕ್ಕ ಇದು, ಆದರೆ ತಾಳ್ಮೆಗೆ ಒಂದು ಅಳತೆ ಸಿಗುತ್ತೆ. ಈ ಹಂತದಲ್ಲಿ ಕೂಗಿದರೆ ಹೋಗಿ ಹತ್ತಿರ ಕೂತು ಮೆಲ್ಲಗೆ ಮಾತಾಡಿ. ಎತ್ತಿಕೊಳ್ಳೋ ಅವಸರ ಬೇಡ.

ಮೂರನೇ ಕಾರಣ, ಅಭ್ಯಾಸ. ಇಲ್ಲಿ ನನ್ನ ವೃತ್ತಿ ಉಪಯೋಗಕ್ಕೆ ಬಂತು. ಡಾಕ್ಟರು ಆರೋಗ್ಯ ಚೆನ್ನಾಗಿದೆ ಅಂದ ಮೇಲೆ ಒಂದು ಎಕ್ಸೆಲ್ ಶೀಟಿನಲ್ಲಿ ಬರೀತಾ ಹೋದೆ: ಎಷ್ಟು ಗಂಟೆಗೆ ಕೂಗಿತು, ಅದಕ್ಕೆ ಮುಂಚೆ ಏನಾಯ್ತು, ಯಾವಾಗ ನಿಲ್ಲಿಸಿತು. ಹತ್ತು ದಿನಕ್ಕೆ ಚಿತ್ರ ಸ್ಪಷ್ಟವಾಯ್ತು. ಹೆಚ್ಚಿನ ಕೂಗು ಬೆಳಗಿನ ಜಾವ ನಾಲ್ಕೂವರೆಯ ಆಸುಪಾಸಿನಲ್ಲಿ. ಬೆಕ್ಕುಗಳು ಮುಸ್ಸಂಜೆ, ನಸುಕಿನಲ್ಲಿ ಚುರುಕಾಗಿರುವ ಪ್ರಾಣಿಗಳು, ಬೇಟೆಯ ಹೊತ್ತದು.

ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪ್ರಯೋಗ ಮಾಡಿ ತೋರಿಸಿದ ವಿಷಯ ಇಲ್ಲಿ ಕೆಲಸಕ್ಕೆ ಬರುತ್ತೆ. ಪ್ರತಿಸಲ ಸಿಗುವ ಬಹುಮಾನಕ್ಕಿಂತ ಯಾವಾಗಲೋ ಒಮ್ಮೆ ಸಿಗುವ ಬಹುಮಾನದಿಂದ ಬೆಳೆದ ಅಭ್ಯಾಸ ಬಿಡಿಸೋದು ಕಷ್ಟ. ನಾಲ್ಕು ದಿನ ಸುಮ್ಮನಿದ್ದು ಐದನೇ ದಿನ ಎದ್ದು ಊಟ ಹಾಕಿದರೆ, "ಇನ್ನೂ ಸ್ವಲ್ಪ ಹೊತ್ತು ಕೂಗಿದರೆ ಸಿಗುತ್ತೆ" ಅಂತ ಬೆಕ್ಕು ಕಲಿಯುತ್ತೆ. ಹಾಗಾಗಿ ಮನೆಯವರೆಲ್ಲ ಒಂದೇ ಮಾತಿಗೆ ಬನ್ನಿ. ರಾತ್ರಿ ಮಲಗೋ ಮುಂಚೆ ಹದಿನೈದು ನಿಮಿಷ ದಾರ, ಗರಿ ಹಿಡಿದು ಓಡಾಡಿಸಿ, ಆಮೇಲೆ ಊಟ ಕೊಡಿ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಅಪಾಯ. ಬೆಳಗಿನ ಊಟ ಕೂಗಿಗೆ ಸಿಗಬಾರದು, ಗಡಿಯಾರಕ್ಕೆ ಸಿಗಬೇಕು. ನಾವು ಟೈಮರ್ ಇರುವ ಊಟದ ಡಬ್ಬಿ ತಂದು ಐದೂವರೆಗೆ ಇಟ್ವಿ. ಈಗ ಅದು ನಮ್ಮ ಬಾಗಿಲು ಬಿಟ್ಟು ಆ ಡಬ್ಬಿಯ ಮುಂದೆ ಕೂತು ಕಾಯುತ್ತೆ. ಊಟ ಸಿಗೋದು ನಿಂತಾಗ ಮೊದಲು ಕೂಗು ಜಾಸ್ತಿಯಾಗುತ್ತೆ, ಆಮೇಲೆ ಇಳಿಯುತ್ತೆ. ಆ ನಾಲ್ಕೈದು ರಾತ್ರಿಯೇ ಕಠಿಣ. ನೀರು ಎರಚೋದು, ಗದರಿಸೋದು ಬೇಡವೇ ಬೇಡ. ನಿಮ್ಮನ್ನು ಕಂಡರೆ ಹೆದರೋದು ಕಲಿಯುತ್ತೆ ಅಷ್ಟೇ.

ಇನ್ನು ನೆರೆಹೊರೆ. ಕೆಳಮನೆಯ ಕಾಕು ಸೊಸೈಟಿಗೆ ದೂರು ಕೊಟ್ಟರು. ಅವರದ್ದೂ ನಿದ್ದೆಯೇ ತಾನೆ? ನನ್ನ ಅರ್ಧಂಬರ್ಧ ಮರಾಠಿಯಲ್ಲಿ ಹೋಗಿ ಕೇಳಿದೆ, "ಮೂರು ವಾರ ಕೊಡಿ." ಬೆಕ್ಕಿನ ಕೋಣೆಯನ್ನು ಅವರ ಮಲಗುವ ಕೋಣೆಯ ಮೇಲಿಂದ ಬದಲಿಸಿದ್ವಿ, ರಾತ್ರಿ ಕಿಟಕಿ ಮುಚ್ಚಿದ್ವಿ. ಮೂರನೇ ವಾರ ಅವರೇ ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದರು, "ಮಾಂಜರ ಆರಾಮಿದೆಯಾ? ನಿನ್ನೆ ಸದ್ದೇ ಇಲ್ಲ."

ಸದ್ದು ಪೂರ್ತಿ ನಿಂತಿಲ್ಲ. ಮೊದಲ ವಾರ ರಾತ್ರಿಗೆ ಎಂಟು ಒಂಬತ್ತು ಸಲ ಇದ್ದದ್ದು ಆರನೇ ವಾರಕ್ಕೆ ಒಂದೆರಡು ಸಲಕ್ಕೆ ಇಳಿಯಿತು. ಹಗಲು ಇವತ್ತಿಗೂ ನನ್ನ ಮೀಟಿಂಗಿನಲ್ಲಿ ತುತ್ತೂರಿಯ ದನಿ ಇರುತ್ತೆ. ಕೆಲವು ಬೆಕ್ಕುಗಳು ಮಾತುಗಾರರು, ಅದು ಅವುಗಳ ಸ್ವಭಾವ.

ಎಲ್ಲ ಮಾಡಿಯೂ ಸಾಧ್ಯವೇ ಇಲ್ಲ ಅನ್ನಿಸಿದರೆ ತಂದ ತಂಡಕ್ಕೇ ಹಿಂದಿರುಗಿಸಿ, ಅದರಲ್ಲಿ ನಾಚಿಕೆಯಿಲ್ಲ. ಬೀದಿಯಲ್ಲಿ ಮಾತ್ರ ಬಿಡಬೇಡಿ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ತೊರೆಯೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಫ್ಲ್ಯಾಟಿಗೆ ಹೊಂದಿಕೊಂಡ ಬೆಕ್ಕು ಬೀದಿಯಲ್ಲಿ ಬದುಕೋದೂ ಕಷ್ಟ.

ಇವತ್ತು ನಿಮ್ಮ ಮನೆಯಲ್ಲಿ ಅಂಥದ್ದೊಂದು ಕೂಗ್ತಿದ್ದರೆ, ನಾಳೆ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಳ್ಳಿ, ರಾತ್ರಿಯಿಂದ ಒಂದು ಹಾಳೆಯಲ್ಲಿ ಸಮಯ ಬರೆದಿಡಿ. ಡಾಕ್ಟರಿಗೂ ಆ ಹಾಳೆ ತೋರಿಸಿ, ಅವರಿಗೆ ಅನುಕೂಲ ಆಗುತ್ತೆ. ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳ್ತೀನಿ.